ಉದ್ರೇಕದ ಮೊದಲ ಅರ್ಧ ಗಂಟೆ

ಶಿಕಾರಿಪುರ, ಸೊರಬದಂಥ ಊರುಗಳ ಆಸ್ಪತ್ರೆಗೆ ಕೈಕಾಲು ಕಟ್ಟಿದ ರೋಗಿಯನ್ನು ಕರೆತಂದ ಮನೆಯವರು ಕೇಳುವುದು ಒಂದೇ: ಹೆಂಗಾದ್ರೂ ಮಲಗ್ಸಿ ಡಾಕ್ಟ್ರೇ. ಅವರ ದಣಿವು, ಭಯ ಅರ್ಥವಾಗುವಂಥದ್ದೇ. ಆದರೆ ರೋಗಿ ಮಾತನಾಡುವಷ್ಟು ಶಾಂತನಾಗಲಿ, ಎಚ್ಚರ ತಪ್ಪುವುದು ಬೇಡ ಎಂಬ ನಿಲುವಿಗೆ ವೈದ್ಯರು ಬರಲು ದಶಕಗಳೇ ಹಿಡಿದವು.

ಮಲೆನಾಡಿನವರಿಗೆ ಪರಿಚಿತವಾದ ಸರ್ಪಗಂಧಿಯ ಬೇರಿನಿಂದಲೇ ಈ ಚರಿತ್ರೆಯನ್ನು ಆರಂಭಿಸಬಹುದು. ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲಿ ಈ ಬೇರು ರಕ್ತದೊತ್ತಡವನ್ನೂ ಚಿತ್ತದ ಕೆರಳಿಕೆಯನ್ನೂ ತಗ್ಗಿಸುತ್ತದೆಂದು ಬರೆದರು. 1952ರಲ್ಲಿ ಅದರಿಂದ ರಿಸರ್ಪಿನ್ ಬೇರ್ಪಟ್ಟಿತು. ಅದೇ ವರ್ಷ ಪ್ಯಾರಿಸ್‌ನ ಡೆಲೆ ಮತ್ತು ಡೆನಿಕೆರ್ ಕ್ಲೋರ್‌ಪ್ರೊಮಝಿನ್‌ನ ಫಲ ಕಂಡರು. ಬೇರಿನ ಔಷಧ ನಿಧಾನ, ಹೊಸದು ಚುರುಕು; ರಿಸರ್ಪಿನ್ ಹಿಂದೆ ಸರಿಯಿತು. ಆದರೆ ಕ್ಲೋರ್‌ಪ್ರೊಮಝಿನ್ ಚುಚ್ಚಿದಾಗ ರಕ್ತದೊತ್ತಡ ಕುಸಿಯುವ ಅಪಾಯವಿತ್ತು. 1958ರಲ್ಲಿ ಬೆಲ್ಜಿಯಂನ ಪಾಲ್ ಜಾನ್ಸೆನ್ ತಂಡ ರೂಪಿಸಿದ ಹ್ಯಾಲೊಪೆರಿಡಾಲ್ ಆ ಕಷ್ಟವನ್ನು ಬಹುಮಟ್ಟಿಗೆ ತಪ್ಪಿಸಿತು. ಆದರೆ ಕತ್ತು ಸೆಟೆದು, ಕಣ್ಣು ಮೇಲಕ್ಕೆ ಸಿಕ್ಕಿಕೊಳ್ಳುವ ಹೊಸ ಸಂಕಟ ತಂದಿತು. ಒಮ್ಮೆ ಅದನ್ನು ಅನುಭವಿಸಿದ ರೋಗಿ ಮತ್ತೆ ಸೂಜಿ ಕಂಡರೆ ಓಡುವುದರಲ್ಲಿ ಆಶ್ಚರ್ಯವಿಲ್ಲ.

ಬಹುಕಾಲ ಯಾವುದನ್ನು ಯಾವಾಗ ಕೊಡಬೇಕೆಂಬುದು ವೈದ್ಯರ ರೂಢಿಗೆ ಬಿಟ್ಟದ್ದಾಗಿತ್ತು. ಉದ್ರಿಕ್ತ ರೋಗಿಗಳನ್ನು ಪ್ರಯೋಗಕ್ಕೆ ಒಳಪಡಿಸುವುದು ಸುಲಭವಲ್ಲವಲ್ಲ! ಆ ಕೆಲಸ ಆದದ್ದು ಬ್ರೆಜಿಲ್‌ನ ರಿಯೊದಲ್ಲಿ, ನಮ್ಮ ಪಕ್ಕದ ವೆಲ್ಲೂರಿನಲ್ಲಿ. 2004ರಲ್ಲಿ ಪ್ರಕಟವಾದ ವೆಲ್ಲೂರಿನ ಅಧ್ಯಯನದಲ್ಲಿ 200 ರೋಗಿಗಳಿದ್ದರು. ಲೊರಾಝೆಪಾಮ್‌ಗಿಂತ ಹ್ಯಾಲೊಪೆರಿಡಾಲ್ ಹಾಗೂ ಪ್ರೊಮೆಥಝಿನ್ ಜೋಡಿ ಬೇಗ ಕೆಲಸ ಮಾಡಿತು. 2007ರಲ್ಲಿ 300 ಮಂದಿಯ ಇನ್ನೊಂದು ಅಧ್ಯಯನ ಬಂತು: ಒಲಾಂಝೆಪಿನ್ ಇಂಜೆಕ್ಷನ್ ಆ ಜೋಡಿಯಷ್ಟೇ ವೇಗವಾಗಿ ಶಾಂತಗೊಳಿಸಿದರೂ, ನಾಲ್ಕು ಗಂಟೆಯೊಳಗೆ ಮತ್ತೆ ಔಷಧ ಬೇಕಾದವರು ಅದರಲ್ಲೇ ಹೆಚ್ಚು. ಪ್ರೊಮೆಥಝಿನ್ ಜೊತೆಗಿದ್ದರೆ ಕತ್ತು ಸೆಟೆಯುವುದು ತೀರಾ ಕಡಿಮೆಯೆಂದು ರಿಯೊ ತೋರಿಸಿತು. ಜೋಡಿಯ ಎರಡೂ ಔಷಧಗಳು ಹಳೆಯವು, ಅಗ್ಗದವು. ಲೊರಾಝೆಪಾಮ್‌ನಂತೆ ಫ್ರಿಜ್ ಬೇಡುವುದಿಲ್ಲ. ಕರೆಂಟ್ ಹೋಗಿಬರುವ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಇದು ಸಣ್ಣ ಸಂಗತಿಯಲ್ಲ.

ಆದರೆ ಸೂಜಿಗೆ ಮೊದಲು ಕಾರಣ ಹುಡುಕಬೇಕು. ಕುಡಿತ ಥಟ್ಟನೆ ನಿಲ್ಲಿಸಿದವನ ನಡುಕ, ಭ್ರಮೆಗೆ ಬೆಂಝೊಡಯಝೆಪೈನ್ ಮತ್ತು ಥಯಮಿನ್ ಬೇಕು. ಅಲ್ಲಿ ಹ್ಯಾಲೊಪೆರಿಡಾಲ್ ಒಂದನ್ನೇ ಕೊಟ್ಟರೆ ಫಿಟ್ಸ್ ಬರುವ ಅಪಾಯವುಂಟು. ಜ್ವರವೂ ಕಾರಣವಾಗಿರಬಹುದು. 1957ರಲ್ಲಿ ಮಂಗನ ಕಾಯಿಲೆ ಪತ್ತೆಯಾದದ್ದು ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಆ ಜ್ವರದ ಎರಡನೆಯ ಸುತ್ತಿನಲ್ಲಿ ಕೆಲವರ ಬುದ್ಧಿ ಕಲಕುತ್ತದೆ, ಮೈ ನಡುಗುತ್ತದೆ. ಅಂಥವರನ್ನು ಹುಚ್ಚೆಂದು ಬಗೆದು ಮಲಗಿಸಿದರೆ ರೋಗ ಮರೆಯಾಗುತ್ತದೆ. ಮೈ ಮುಟ್ಟಿ ಜ್ವರ ನೋಡಲು, ಸಕ್ಕರೆ ಪರೀಕ್ಷಿಸಲು ತಗಲುವುದು ಕೆಲವೇ ನಿಮಿಷ.

ಕಾನೂನೂ ದಾರಿ ತೆರೆದಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 94ನೇ ಸೆಕ್ಷನ್ ಪ್ರಕಾರ, ರೋಗಿಗೋ ಇತರರಿಗೋ ಅಪಾಯ ತಪ್ಪಿಸಲು ಯಾವುದೇ ನೋಂದಾಯಿತ ವೈದ್ಯರು 72 ಗಂಟೆಯವರೆಗೆ ತುರ್ತು ಚಿಕಿತ್ಸೆ ಕೊಡಬಹುದು. ರೋಗಿಯ ನಾಮನಿರ್ದೇಶಿತ ಪ್ರತಿನಿಧಿ ಸಿಕ್ಕರೆ ಅವರ ಒಪ್ಪಿಗೆ ಬೇಕು. ಮನೋವೈದ್ಯರಿಲ್ಲವೆಂದು ಹಾಗೆಯೇ ಶಿವಮೊಗ್ಗಕ್ಕೆ ಸಾಗಹಾಕಬೇಕಾಗಿಲ್ಲ. ಸರಪಳಿ ಕಟ್ಟುವುದನ್ನು 95ನೇ ಸೆಕ್ಷನ್ ನಿಷೇಧಿಸುತ್ತದೆ.

ನನ್ನ ಆತಂಕ ಇರುವುದು ಮರುದಿನದ ಬಗ್ಗೆ. ಇದೇ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ ನಿಮ್ಹಾನ್ಸ್ ತಂಡ ಊರೂರಿನ ಸ್ಕಿಜೋಫ್ರೇನಿಯಾ ರೋಗಿಗಳನ್ನು ಗುರುತಿಸಿ, ಸ್ಥಳದಲ್ಲೇ ನಿರಂತರ ಚಿಕಿತ್ಸೆ ಒದಗಿಸಿತು. ಔಷಧ ತಪ್ಪದೆ ಸಿಕ್ಕವರು ಮನೆಗೆಲಸ, ದುಡಿಮೆಯಲ್ಲಿ ಚೇತರಿಸಿಕೊಂಡದ್ದು ಅಲ್ಲಿ ಕಂಡುಬಂತು. ಇಂಜೆಕ್ಷನ್ನಿನ ಫಲ ಕೆಲವು ಗಂಟೆಗಳದು. ಮನೆಗೆ ಹೊರಡುವಾಗ ಚೀಟಿಯಲ್ಲಿ ಗುಳಿಗೆಯ ಹೆಸರಿನೊಂದಿಗೆ ಮುಂದಿನ ಭೇಟಿಯ ದಿನಾಂಕವೂ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯೂ ಇರಲಿ. ಆ ದಿನ ಬಾರದವರ ಮನೆಗೆ ಆಶಾ ಕಾರ್ಯಕರ್ತೆ ಹೋಗಿ ವಿಚಾರಿಸಲಿ.