ನಮ್ಮ ಕಫ, ನಮ್ಮ ಸಾಕ್ಷಿ

ಕ್ಷಯರೋಗಕ್ಕೆ ಶಾಸ್ತ್ರದವರು ಇಟ್ಟ ಹೆಸರು ರಾಜಯಕ್ಷ್ಮ. ರೋಗಗಳಲ್ಲೂ ಒಬ್ಬ ರಾಜ! ಅದರ ಹುಟ್ಟಿಗೊಂದು ಪುರಾಣವೂ ಉಂಟು. ಚಂದ್ರನಿಗೆ ಇಪ್ಪತ್ತೇಳು ಹೆಂಡಿರು. ಅವನು ರೋಹಿಣಿಯ ಮನೆ ಬಿಟ್ಟು ಕದಲಲಿಲ್ಲ. ಮಾವ ದಕ್ಷ ಸಿಟ್ಟಾಗಿ ಶಾಪ ಕೊಟ್ಟ. ಚಂದ್ರ ಕರಗತೊಡಗಿದ. ದೇವತೆಗಳು ಓಡಿಬಂದು ಅಂಗಲಾಚಿದರು, ಶಾಪ ಸಡಿಲವಾಯಿತು. ಹದಿನೈದು ದಿನ ಕರಗು, ಹದಿನೈದು ದಿನ ಬೆಳೆ ಅಂತ ತೀರ್ಮಾನವಾಯಿತು. ಮೇಲಿನವರಿಗೆ ಬಂದರೆ ಅದು ಶಾಪ, ಶಾಪಕ್ಕೊಂದು ಪರಿಹಾರ. ಕೇರಿಯವರಿಗೆ ಬಂದರೆ ಅದು ಕರ್ಮ. ಕರ್ಮಕ್ಕೆ ಔಷಧಿ ಎಲ್ಲಿಂದ ತರೋದು?

ನಾವು ಇಲ್ಲಿ ಹೇಳಹೊರಟಿರುವುದು ಪುರಾಣದ ಮಾತಲ್ಲ. ತಿಂಗಳುಗಟ್ಟಲೆ ಕೆಮ್ಮಿ, ಮೈ ಇಳಿದು, ಊರಿನ ಅಂಗಡಿಯ ಮಾತ್ರೆ, ಆರ್‌ಎಂಪಿಯ ಸೂಜಿ ಎಲ್ಲ ಮುಗಿಸಿ, ಕಡೆಗೆ ಜಿಲ್ಲಾ ಆಸ್ಪತ್ರೆಯ ಎದೆರೋಗದ ತಜ್ಞರ ಮುಂದೆ ಮೊದಲ ಸಲ ನಿಲ್ಲುತ್ತಾರಲ್ಲ ನಮ್ಮವರು, ಅವರು ಅಲ್ಲಿಗೆ ಏನು ಹಿಡಿದುಕೊಂಡು ಹೋಗಬೇಕು, ಏನು ಕೇಳಬೇಕು ಅನ್ನೋದು. ಇದಕ್ಕೆ ಇತಿಹಾಸ ಯಾತಕ್ಕೆ ಅಂತ ಕೇಳಬಹುದು. ವೈದ್ಯರ ಕೋಣೆಗೆ ನಾವು ಬರೀ ಕೆಮ್ಮು ಹೊತ್ತು ಹೋಗುವುದಿಲ್ಲ. ತಲೆತಲಾಂತರದ ಅಂಜಿಕೆಯನ್ನೂ ಹೊತ್ತು ಹೋಗುತ್ತೇವೆ. ಆ ಅಂಜಿಕೆ ಎಲ್ಲಿಂದ ಬಂತು ಅಂತ ಗೊತ್ತಾದರೆ ಅದನ್ನು ಬಾಗಿಲ ಹೊರಗೇ ಇಳಿಸಬಹುದು.

ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯನಾದವನು ಕೊರಳಿಗೆ ಮಣ್ಣಿನ ಕುಡಿಕೆ ಕಟ್ಟಿಕೊಂಡು ಓಡಾಡಬೇಕಿತ್ತು. ಅವನ ಉಗುಳು ನೆಲಕ್ಕೆ ಬಿದ್ದು, ಮೇಲ್ಜಾತಿಯವರ ಕಾಲಿಗೆ ತಾಗಿ ಮೈಲಿಗೆ ಆಗಬಾರದು ಅಂತ. ಇದನ್ನು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಬರೆದಿಟ್ಟಿದ್ದಾರೆ. ಉಗುಳಿನಲ್ಲಿ ರೋಗ ಇದೆಯೋ ಇಲ್ಲವೋ ಎಂದು ಯಾರೂ ನೋಡಲಿಲ್ಲ. ಉಗುಳಿದವನ ಜಾತಿ ನೋಡಿದರು, ಅಷ್ಟೇ.

ಇನ್ನೊಂದು ದಾಖಲೆ 1929ರದು. ಕಾಠಿಯಾವಾಡದ ಒಂದು ಹಳ್ಳಿಯ ದಲಿತ ಮೇಷ್ಟ್ರೊಬ್ಬರು ಬರೆದ ಕಾಗದ. ಅದು ಆ ವರ್ಷದ ಡಿಸೆಂಬರಿನಲ್ಲಿ 'ಯಂಗ್ ಇಂಡಿಯಾ'ದಲ್ಲಿ ಅಚ್ಚಾಯಿತು. ಅಂಬೇಡ್ಕರರು ಅದನ್ನು ತಮ್ಮ 'ವೀಸಾಗಾಗಿ ಕಾಯುತ್ತಾ' ಬರಹದಲ್ಲಿ ಎತ್ತಿಕೊಟ್ಟರು. ಮೇಷ್ಟ್ರ ಹೆಂಡತಿ ಹೆತ್ತ ಎರಡನೇ ದಿನಕ್ಕೆ ಕಾಯಿಲೆ ಬಿದ್ದಳು. ಎದೆ ಉರಿಯೂತ, ಉಸಿರು ಸಿಗದು. ಡಾಕ್ಟರು ಕೇರಿಗೆ ಕಾಲಿಡಲ್ಲ ಅಂದ. ಊರ ಸೇಟು ಎರಡು ರೂಪಾಯಿ ಫೀಜಿಗೆ ಜಾಮೀನು ನಿಂತ ಮೇಲೆ, ಕೇರಿಯ ಹೊರಗೆ ತಂದರೆ ನೋಡ್ತೀನಿ ಅಂತ ಬಂದ. ಹಸಿ ಬಾಣಂತಿಯನ್ನು ಕೂಸಿನ ಸಮೇತ ಕೇರಿಯಾಚೆ ತಂದರು. ಡಾಕ್ಟರು ಜ್ವರ ಅಳೆಯುವ ಕೊಳವೆಯನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ. ಅವನು ಮೇಷ್ಟ್ರಿಗೆ, ಮೇಷ್ಟ್ರು ಹೆಂಡತಿಗೆ. ಅದೇ ದಾರಿಯಲ್ಲಿ ಅದು ವಾಪಸ್ಸು ಬಂತು. ದೀಪದ ಬೆಳಕಿನಲ್ಲಿ ಅದನ್ನು ನೋಡಿ ನ್ಯುಮೋನಿಯ ಅಂದ, ಹೊರಟುಹೋದ. ಮತ್ತೆ ಕರೆದರೆ ಬರಲಿಲ್ಲ. ಆ ತಾಯಿ ಸತ್ತಳು.

ಎದೆಯ ಸದ್ದು ಕೇಳುವ ಸ್ಟೆತಾಸ್ಕೋಪು ಅಷ್ಟರಲ್ಲಿ ನೂರು ವರ್ಷ ದಾಟಿದ ಹಳೆಯ ಉಪಕರಣ. ಫ್ರಾನ್ಸಿನ ಲೆನೆಕ್ ಅದನ್ನು ಕಂಡುಹಿಡಿದದ್ದು 1816ರಲ್ಲಿ. ಉಪಕರಣ ಇತ್ತು, ಓದಿದ ಡಾಕ್ಟರೂ ಇದ್ದ. ಮುಟ್ಟುವ ಮನಸ್ಸು ಮಾತ್ರ ಇರಲಿಲ್ಲ. ಇವತ್ತಿಗೂ ಎಷ್ಟು ಕಡೆ ಮುಖ ಎತ್ತದೆ, ಎದೆಗೆ ಕೊಳವೆ ಇಡದೆ ಚೀಟಿ ಬರೆದುಕೊಡುತ್ತಾರೆ ಎಂದು ನಮ್ಮ ಹೆಂಗಸರನ್ನು ಕೇಳಿ ನೋಡಿ.

ಕರ್ಮದ ಲೆಕ್ಕವನ್ನು ಹರಿದು ಹಾಕಿದ ದಿನ 1882ರ ಮಾರ್ಚ್ 24. ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಕ್ಷಯಕ್ಕೆ ಕಾರಣ ಒಂದು ಸೂಕ್ಷ್ಮಜೀವಿ ಎಂದು ತೋರಿಸಿಕೊಟ್ಟ. ಶಾಪವಲ್ಲ, ಪೂರ್ವಜನ್ಮವಲ್ಲ, ವಂಶದ ದೋಷವಲ್ಲ. ಅದು ಕೆಮ್ಮಿದವರ ಬಾಯಿಂದ ಗಾಳಿಗೆ ಸೇರಿ, ಇನ್ನೊಬ್ಬರ ಉಸಿರಿನಲ್ಲಿ ಒಳಹೋಗುವ ಜೀವಿ. ತಟ್ಟೆ, ಲೋಟ, ಹಾಸಿಗೆ, ಮೈಮುಟ್ಟುವುದು ಇವುಗಳಿಂದ ಹರಡುವುದಿಲ್ಲ. ಕ್ಷಯ ಬಂದ ಸೊಸೆಗೆ ಬೇರೆ ತಟ್ಟೆ ಇಡುವ ಮನೆ, ಹಳೆಯ ಅಸ್ಪೃಶ್ಯತೆಯನ್ನೇ ಹೊಸ ಹೆಸರಲ್ಲಿ ಆಚರಿಸುತ್ತಿದೆ. ಮಾಡಬೇಕಾದ್ದು ಕಿಟಕಿ ತೆಗೆಯೋದು, ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯೋದು, ಬೇಗ ಔಷಧಿ ಶುರು ಮಾಡೋದು. ಕಿಟಕಿಯೇ ಇಲ್ಲದ ಮನೆ ಕಟ್ಟಿಕೊಟ್ಟವರು ಯಾರು ಅನ್ನೋದು ಮುಂದಿನ ಪ್ರಶ್ನೆ.

ಅಂದಿನಿಂದ ಕಫ ಸಾಕ್ಷಿಯಾಯಿತು. ಗಾಜಿನ ಚೂರಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೀವಿ ಕಾಣುತ್ತದೆ. ಅದಕ್ಕೆ ಬ್ರಾಹ್ಮಣನ ಕಫ, ಹೊಲೆಯನ ಕಫ ಅಂತ ಭೇದವಿಲ್ಲ. ಮೈಸೂರಿನಲ್ಲಿ ಕ್ಷಯದ ಆಸ್ಪತ್ರೆಗೆ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿಯಾದ ಆಕೆಯೂ ಇದೇ ರೋಗದಿಂದ ತೀರಿಕೊಂಡರು. ಅರಮನೆಯ ಗೋಡೆಯನ್ನೂ ಅದು ದಾಟಿತ್ತು. ದಾಟಿದ ಮೇಲೆ ಯಾರಿಗೆ ಹಾಸಿಗೆ ಸಿಕ್ಕಿತು ಅನ್ನೋದರಲ್ಲಿ ಮಾತ್ರ ಭೇದ. 1946ರ ಭೋರ್ ಸಮಿತಿಯ ಅಂದಾಜು ನೋಡಿ: ದೇಶದಲ್ಲಿ ಸುಮಾರು 25 ಲಕ್ಷ ಕ್ಷಯರೋಗಿಗಳು, ವರ್ಷಕ್ಕೆ 5 ಲಕ್ಷ ಸಾವು, ಇವರಿಗೆಲ್ಲ ಇದ್ದ ಹಾಸಿಗೆ 6,000ದಷ್ಟು. ಒಂದು ಹಾಸಿಗೆಗೆ 400ಕ್ಕೂ ಹೆಚ್ಚು ಜನ. ಆ ಒಂದರಲ್ಲಿ ಮಲಗಿದವನು ಯಾವ ಕೇರಿಯವನಾಗಿದ್ದಾನು?

ಆಮೇಲೆ ಔಷಧಿಗಳು ಬಂದವು. 1943ರಲ್ಲಿ ಸ್ಟ್ರೆಪ್ಟೊಮೈಸಿನ್, 1952ರಲ್ಲಿ ಐಸೋನಿಯಾಜಿಡ್. ಔಷಧಿ ಬಂದರೂ ಒಂದು ಮಾತು ಉಳಿದುಕೊಂಡಿತ್ತು: ಬಡವನಿಗೆ ಮನೆಯಲ್ಲಿ ಗುಣವಾಗೋದಿಲ್ಲ, ಬೆಟ್ಟದ ಗಾಳಿ, ಹಾಲು ಮೊಟ್ಟೆ, ಆಸ್ಪತ್ರೆಯ ವಿಶ್ರಾಂತಿ ಬೇಕೇ ಬೇಕು ಅಂತ. ಈ ಮಾತನ್ನು ಪರೀಕ್ಷೆಗೆ ಒಡ್ಡಿದ್ದು ಮದರಾಸಿನಲ್ಲಿ. 1956ರಲ್ಲಿ ಅಲ್ಲಿ ಕೇಂದ್ರವೊಂದು ತೆರೆಯಿತು. 193 ಬಡ ರೋಗಿಗಳಲ್ಲಿ ಕೆಲವರನ್ನು ಆರೋಗ್ಯಧಾಮದಲ್ಲಿಟ್ಟು, ಉಳಿದವರಿಗೆ ಅವರವರ ಇಕ್ಕಟ್ಟಾದ ಮನೆಯಲ್ಲೇ, ಅದೇ ಔಷಧಿ ಒಂದು ವರ್ಷ ಕೊಟ್ಟರು. 1959ರಲ್ಲಿ ಫಲಿತಾಂಶ ಹೊರಬಂತು: ಗುಣವಾದವರ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಮನೆಯವರಿಗೆ ತಗಲುವ ಅಪಾಯವೂ ಹೆಚ್ಚಲಿಲ್ಲ. ಜಗತ್ತಿನ ಆರೋಗ್ಯಧಾಮಗಳು ಒಂದೊಂದಾಗಿ ಮುಚ್ಚಲು ಇದೂ ಕಾರಣವಾಯಿತು. ಮದರಾಸಿನ ಬಡವರ ಎದೆಯಿಂದ ಲೋಕ ಪಾಠ ಕಲಿಯಿತು.

ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಿಗೂ ಪಟ್ಟಣಗಳಿಗೂ ಹೋಗಿ ಕ್ಷಯ ಇದ್ದವರನ್ನು ಮಾತಾಡಿಸಿದರು. ಓದಿದವರಲ್ಲಿ ಆಗ ಇದ್ದ ನಂಬಿಕೆ, ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಮಂತ್ರವಾದಿಯ ಹತ್ತಿರ ಹೋಗ್ತಾರೆ, ಆಸ್ಪತ್ರೆಗೆ ಬರೋದಿಲ್ಲ ಅಂತ. 1963ರಲ್ಲಿ ಅಚ್ಚಾದ ವರದಿ ಬೇರೆಯೇ ಹೇಳಿತು. ರೋಗಿಗಳಲ್ಲಿ ಶೇಕಡ 95ರಷ್ಟು ಮಂದಿಗೆ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆ ಅಂತ ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಆಸ್ಪತ್ರೆಗೆ ಹೋಗಿಬಂದಿದ್ದರು. ಅವರ ಕೈಗೆ ಸಿಕ್ಕಿದ್ದು ಕೆಮ್ಮಿನ ನೀರೌಷಧಿಯ ಬಾಟ್ಲಿ. ಕಫ ನೋಡಿದವರು ಅಪರೂಪ.

ಈ ಸತ್ಯವನ್ನು ನಾವು ಎದೆಗೆ ಬರೆದುಕೊಳ್ಳಬೇಕು. ಹಳ್ಳಿಯವನು ದಡ್ಡನಾಗಿರಲಿಲ್ಲ. ಅವನು ಹೋಗಿ ಬಾಗಿಲು ತಟ್ಟಿದ್ದ. ಒಳಗಿದ್ದವರು ಬಾಟ್ಲಿ ಕೊಟ್ಟು ಕಳಿಸಿದರು. 1962ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ, ಕ್ಷಯದ ತಪಾಸಣೆ ಎಲ್ಲ ಸಾಮಾನ್ಯ ಆಸ್ಪತ್ರೆಗಳಲ್ಲೂ ಆಗಬೇಕು ಅಂತ ನಿಯಮ ಮಾಡಿತು. ನಿಯಮ ಕಾಗದದಲ್ಲಿತ್ತು. ಬಾಟ್ಲಿ ಮಾತ್ರ ಇನ್ನೂ ನಿಂತಿಲ್ಲ.

ಆದ್ದರಿಂದಲೇ ಮೊದಲ ಭೇಟಿಗೆ ಸಿದ್ಧತೆ ಬೇಕು ಅನ್ನುತ್ತೇವೆ. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯೋದು, ಕಫದಲ್ಲಿ ರಕ್ತ, ಇವುಗಳಲ್ಲಿ ಒಂದಿದ್ದರೂ ಕಫ ಪರೀಕ್ಷೆ ಕೇಳುವ ಹಕ್ಕು ನಮಗಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಗೂ ಔಷಧಿಗೂ ದುಡ್ಡಿಲ್ಲ. ಕಫ ಅಂದರೆ ಬಾಯ ಎಂಜಲಲ್ಲ. ಬೆಳಿಗ್ಗೆ ಎದ್ದು ನೀರಿನಲ್ಲಿ ಬಾಯಿ ಮುಕ್ಕಳಿಸಿ, ಬಯಲಿಗೆ ಬಂದು, ಉಸಿರು ಆಳಕ್ಕೆ ಎಳೆದು, ಎದೆಯಿಂದ ಕೆಮ್ಮಿ ತೆಗೆದದ್ದು ಕಫ. ಆಸ್ಪತ್ರೆಯವರು ಕೊಟ್ಟ ಡಬ್ಬಿಯಲ್ಲೇ ಅದನ್ನು ಮುಚ್ಚಿ ಒಯ್ಯಬೇಕು. ತಜ್ಞರನ್ನು ಕಾಣುವ ಮುಂಚೆ ಅಂಗಡಿಯಲ್ಲಿ ಆ್ಯಂಟಿಬಯೋಟಿಕ್ಕು, ಸ್ಟಿರಾಯ್ಡು ಕೇಳಿ ನುಂಗಬಾರದು. ಕೆಲವು ಮಾತ್ರೆಗಳು ನಾಲ್ಕು ದಿನ ರೋಗವನ್ನು ಮರೆಮಾಡಿ ಪತ್ತೆಯನ್ನು ತಡಮಾಡುತ್ತವೆ.

ನಮ್ಮ ಹಳ್ಳಿಯ ಮೇಷ್ಟ್ರುಗಳಿಗೆ, ಹಾಸ್ಟೆಲಿನ ಹುಡುಗರಿಗೆ ಇಲ್ಲಿ ಕೆಲಸ ಇದೆ. ರೋಗಿಯ ಪಕ್ಕ ಕೂತು ಒಂದು ಹಾಳೆಯಲ್ಲಿ ಅವರ ಚರಿತ್ರೆ ಬರೆಯಿರಿ. ಕೆಮ್ಮು ಯಾವ ಹಬ್ಬದ ಹೊತ್ತಿಗೆ ಶುರುವಾಯಿತು? ತೂಕ ಎಷ್ಟಿತ್ತು, ಈಗೆಷ್ಟು? ಹಿಂದೆ ಕ್ಷಯದ ಮಾತ್ರೆ ತಿಂದಿದ್ದರೆ ಯಾವ ವರ್ಷ, ಎಷ್ಟು ತಿಂಗಳು, ನಡುವೆ ಬಿಟ್ಟಿದ್ದರೆ ಯಾಕೆ? ಸಕ್ಕರೆ ಕಾಯಿಲೆ ಇದೆಯಾ? ಹೆಣ್ಣುಮಕ್ಕಳಾದರೆ ಬಸಿರೋ, ಬಾಣಂತಿಯೋ? ಮನೆಯಲ್ಲಿ ಯಾರಿಗೆ ಕೆಮ್ಮಿತ್ತು, ಒಂದೇ ಕೋಣೆಯಲ್ಲಿ ಎಷ್ಟು ಜನ ಮಲಗುತ್ತಾರೆ? ಬೀಡಿ, ಕುಡಿತ ಇದ್ದರೆ ಅದನ್ನೂ ಬರೆಯಿರಿ, ನಾಚಿಕೆ ಬೇಡ. ಹಳೆಯ ಎಕ್ಸ್‌ರೇ, ಹಳೆಯ ಚೀಟಿ, ಖಾಲಿಯಾದ ಮಾತ್ರೆ ಪಟ್ಟಿ ಎಲ್ಲ ಒಂದು ಚೀಲಕ್ಕೆ ಹಾಕಿ. ಯಾವುದನ್ನೂ ಕಸ ಅಂತ ಎಸೆಯಬೇಡಿ.

ಹಾಳೆಯಲ್ಲಿ ಒಂದು ಸಾಲು ಮರೆಯಲೇಬಾರದು. ಮಾಡಿದ ಕೆಲಸ ಏನು? ಕಲ್ಲುಕ್ವಾರಿಯಾ, ಕ್ರಷರ್ರಾ, ಕೋಲಾರದ ಚಿನ್ನದ ಗಣಿಯಾ? ಆ ಗಣಿ 2001ರಲ್ಲಿ ಮುಚ್ಚಿತು. ಒಳಗೆ ಕಲ್ಲುಪುಡಿ ಕುಡಿದ ಶ್ವಾಸಕೋಶಗಳು ಮುಚ್ಚಲಿಲ್ಲ. ಕಲ್ಲಿನ ದೂಳಿನಿಂದ ಬರುವ ಸಿಲಿಕೋಸಿಸ್ ಎಕ್ಸ್‌ರೇಯಲ್ಲಿ ಕ್ಷಯದ ಹಾಗೆ ಕಾಣಬಹುದು. ಅದಿದ್ದವರಿಗೆ ಕ್ಷಯ ಹಿಡಿಯುವ ಸಂಭವವೂ ಹೆಚ್ಚು. ಡಾಕ್ಟರು ಕೇಳದಿದ್ದರೆ ನಾವೇ ಹೇಳಬೇಕು. ಧಣಿಯ ದೂಳಿಗೆ ಬೀಡಿಯೊಂದನ್ನೇ ಕಾರಣ ಮಾಡಲು ಬಿಡಬಾರದು.

ಇನ್ನು ಕೇಳಬೇಕಾದ್ದು. ಬುದ್ದಿ, ಸ್ವಾಮಿ ಅಂತ ಬಾಗಿ ನಿಲ್ಲೋದು ಬೇಡ. "ಸಾರ್, ಇದು ಕ್ಷಯವೇ ಅಂತ ಕಫದಲ್ಲಿ ಗೊತ್ತಾಯಿತಾ, ಎಕ್ಸ್‌ರೇ ನೋಡಿ ಹೇಳ್ತಿದೀರಾ?" ಅಂತ ಕೇಳಿ. ಎಕ್ಸ್‌ರೇ ಅನುಮಾನ ಹುಟ್ಟಿಸುತ್ತದೆ, ಸಾಬೀತು ಮಾಡುವುದಿಲ್ಲ. ಒಮ್ಮೆ ಕ್ಷಯ ಬಂದು ವಾಸಿಯಾದವರ ಎದೆಯಲ್ಲಿ ಗಾಯದ ಕಲೆ, ಹಿಗ್ಗಿದ ಉಸಿರುನಾಳ, ಕೆಲವೊಮ್ಮೆ ಬೂಷ್ಟು ಉಳಿದು ಕೆಮ್ಮಿಸಬಹುದು. ಅದೆಲ್ಲ ಮತ್ತೆ ಕ್ಷಯವೇ ಆಗಬೇಕಿಲ್ಲ. "ಯಾವ ಔಷಧಿ ನಾಟುತ್ತೆ, ಯಾವುದು ನಾಟಲ್ಲ ಅಂತ ಪರೀಕ್ಷೆ ಆಯ್ತಾ?" ಸಿಬಿನ್ಯಾಟ್, ಟ್ರೂನಾಟ್ ಎಂಬ ಯಂತ್ರಗಳು ಮುಖ್ಯ ಔಷಧಿಯಾದ ರಿಫಾಂಪಿಸಿನ್ ನಾಟುತ್ತದೋ ಇಲ್ಲವೋ ಎಂಬುದನ್ನು ಕೆಲವೇ ಗಂಟೆಗಳಲ್ಲಿ ಹೇಳುತ್ತವೆ. ರಕ್ತದ ಪ್ರತಿಕಾಯ ನೋಡಿ ಕ್ಷಯ ಹೇಳುತ್ತೇವೆಂದು ಮಾರುತ್ತಿದ್ದ ಪರೀಕ್ಷೆಗಳನ್ನು ಸರ್ಕಾರ 2012ರಲ್ಲೇ ನಿಷೇಧಿಸಿತು. ಅದಕ್ಕೆ ಯಾರಾದರೂ ದುಡ್ಡು ಕೇಳಿದರೆ ಎದ್ದು ಬನ್ನಿ.

ಔಷಧಿ ನಾಟುವ ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ದಿನಾ ಮಾತ್ರೆ. ಮೊದಲೆರಡು ತಿಂಗಳು ನಾಲ್ಕು ಔಷಧಿ, ಆಮೇಲೆ ಮೂರು. ಉಚ್ಚೆ ಕೆಂಪಗೆ ಹೋದರೆ ಹೆದರಬೇಡಿ, ಅದು ರಿಫಾಂಪಿಸಿನ್ನಿನ ಬಣ್ಣ. ಕಣ್ಣು ಮಂಜಾದರೆ, ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ಕೈಕಾಲು ಜೋಮು ಹಿಡಿದರೆ ಆ ದಿನವೇ ಆಸ್ಪತ್ರೆಗೆ ಹೋಗಿ. ಎರಡು ತಿಂಗಳಿಗೆ ಮೈ ಹಗುರಾಯ್ತು ಅಂತ ಮಾತ್ರೆ ಬಿಟ್ಟರೆ ಉಳಿದ ಜೀವಿಗಳು ಔಷಧಿಗೆ ಬಗ್ಗದ ಹಾಗೆ ಎದ್ದು ನಿಲ್ಲಬಹುದು. ಎಚ್‌ಐವಿ, ಸಕ್ಕರೆ ಎರಡರ ಪರೀಕ್ಷೆಯನ್ನೂ ಕೇಳಿ. ಮನೆಯ ಮಕ್ಕಳನ್ನು ಯಾವತ್ತು ತೋರಿಸಬೇಕು ಅಂತ ಕೇಳದೆ ಬರಬೇಡಿ.

ಕೊನೆಗೆ ಅನ್ನದ ಮಾತು. ಮದರಾಸಿನ ಅಧ್ಯಯನದಿಂದ ಹಲವರು ಒಂದು ಅರ್ಥ ತೆಗೆದರು: ಮಾತ್ರೆ ಸಾಕು, ಊಟ ಹೇಗಿದ್ದರೂ ನಡೆಯುತ್ತೆ ಅಂತ. ಅದಕ್ಕೆ ಉತ್ತರ ಜಾರ್ಖಂಡಿನಿಂದ ಬಂತು. ಅಲ್ಲಿ ರೋಗಿಗಳ ಮನೆಯವರಿಗೆಲ್ಲ ಅಕ್ಕಿ ಬೇಳೆ ಮುಂತಾದ ಪಡಿ ಕೊಟ್ಟು ನೋಡಿದರು. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬರೋದು ಶೇಕಡ 39ರಷ್ಟು ಕಡಿಮೆಯಾಯಿತು. ಹಸಿವೂ ಈ ರೋಗಕ್ಕೆ ಕಾರಣ ಅಂತ ನಮ್ಮ ಅವ್ವಂದಿರಿಗೆ ಗೊತ್ತಿದ್ದದ್ದಕ್ಕೆ ಈಗ ಲೆಕ್ಕ ಸಿಕ್ಕಿದೆ. ಸರ್ಕಾರ 2018ರಲ್ಲಿ ರೋಗಿಯ ಪೌಷ್ಟಿಕ ಊಟಕ್ಕೆ ತಿಂಗಳಿಗೆ 500 ರೂಪಾಯಿ ಶುರುಮಾಡಿ, 2024ರ ನವೆಂಬರಿನಿಂದ ಅದನ್ನು 1,000 ಮಾಡಿತು. ದಾನ ಅಲ್ಲ ಅದು, ಬಾಕಿ. ಬ್ಯಾಂಕಿನ ಪಾಸ್‌ಬುಕ್ಕನ್ನೂ ಆ ಚೀಲದಲ್ಲಿಡಿ.

ಕೊರಳಿಗೆ ಕಟ್ಟಿದ ಕುಡಿಕೆಯನ್ನು ನಮ್ಮ ಹಿರಿಯರು ತಲೆ ತಗ್ಗಿಸಿ ಹೊತ್ತರು. ಆ ಉಗುಳಿಗೆ ಮಾತಾಡುವ ಹಕ್ಕಿರಲಿಲ್ಲ. ಇವತ್ತು ಕಫದ ಡಬ್ಬಿಯನ್ನು ನಾವು ತಲೆ ಎತ್ತಿ ಕೈಯಲ್ಲಿ ಹಿಡಿದು ಹೋಗಬೇಕು. ಅದರಲ್ಲಿರುವುದು ನಮ್ಮ ಮನೆ, ನಮ್ಮ ಕೂಲಿ, ನಮ್ಮ ಹಸಿವಿನ ಸಾಕ್ಷಿ. ನೋಡದೆ ಕಳಿಸುವ ಅಧಿಕಾರ ಯಾರಿಗೂ ಇಲ್ಲ. ಕಳಿಸಿದರೆ, ಒಬ್ಬರೇ ಹೋದವರ ಜೊತೆ ನಾಳೆ ಹತ್ತು ಜನ ಹೋಗೋಣ.