ಸಿಡಿಲಿಗೊಂದು ದಾರಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ನಮಗೆ ಹಾಯಿಹಡಗು ಎಂದರೆ ಪಠ್ಯಪುಸ್ತಕದ ಚಿತ್ರವಷ್ಟೇ. ಭೀಮಾ, ಕೃಷ್ಣೆಯರ ದಂಡೆಯಲ್ಲಿ ನಾವು ಕಂಡದ್ದು ಹರಿಗೋಲು, ದೋಣಿ. ಸಿಡಿಲು ಮಾತ್ರ ನಮಗೆ ಹೊಸದಲ್ಲ. ಭರಣಿ, ಕೃತ್ತಿಕಾ ಮಳೆಯ ಸಂಜೆ ಗುಡುಗಿತೆಂದರೆ "ಅರ್ಜುನನ ಹತ್ತು ಹೆಸರು ಹೇಳ್ರವ್ವಾ" ಎಂದು ಮನೆಯ ಹಿರಿಯರು ನಮ್ಮನ್ನು ಒಳಗೆ ಕರೆಯುತ್ತಿದ್ದರು. ಸಿಡಿಲು ಬಡಿದು ಬುಡದತನಕ ಸೀಳಿದ ಬೇವಿನ ಮರವನ್ನು ಕಾಣದವರು ಇಲ್ಲಿ ಕಡಿಮೆ.

ಆ ಮರದ ಹಣೆಬರಹವೇ ಹಡಗಿನ ಹಾಯಿಕಂಬದ್ದೂ ಆಗಿತ್ತು. ಬಟಾಬಯಲಾದ ಸಮುದ್ರದಲ್ಲಿ ಎತ್ತರವಾಗಿ ನಿಂತದ್ದು ಅದೊಂದೇ. ಸಿಡಿಲಿನ ಕಾವಿಗೆ ಮರದೊಳಗಿನ ತೇವ ಕ್ಷಣದಲ್ಲಿ ಉಗಿಯಾಗಿ ಹಿಗ್ಗಿ ಕಂಬವನ್ನೇ ಸೀಳಿ ಹಾಕುತ್ತಿತ್ತು. ಬೆಂಜಮಿನ್ ಫ್ರಾಂಕ್ಲಿನ್ ಸೂಚಿಸಿದ ಪ್ರಯೋಗವನ್ನು 1752ರ ಮೇ ತಿಂಗಳಲ್ಲಿ ಫ್ರಾನ್ಸಿನವರು ಮಾಡಿ ನೋಡಿದಾಗ ಸಿಡಿಲೂ ವಿದ್ಯುತ್ತೇ ಎಂಬುದು ಖಚಿತವಾಯಿತು. ಅದನ್ನು ತಡೆದು ನಿಲ್ಲಿಸಲಾಗದು, ನೆಲ ಸೇರಲು ಲೋಹದ ದಾರಿಯೊಂದನ್ನು ಕೊಡಬಹುದು ಎಂದು ಜನ ಅರಿತರು.

ಬ್ರಿಟಿಷ್ ನೌಕಾಪಡೆಯವರು ಇದಕ್ಕೆಂದು ಹಡಗಿನಲ್ಲಿ ಸರಪಳಿ ಇಟ್ಟರು. ಮೋಡ ಕಟ್ಟಿದಾಗ ಅದನ್ನು ಕಂಬಕ್ಕೇರಿಸಿ ತುದಿಯನ್ನು ನೀರಿಗೆ ಬಿಡಬೇಕು. ಆದರೆ ಬಿರುಗಾಳಿ ಎದ್ದಾಗ ಅದು ಹೆಚ್ಚಾಗಿ ಪೆಟ್ಟಿಗೆಯಲ್ಲೇ ಉಳಿಯುತ್ತಿತ್ತು. ಪ್ಲಿಮತ್ ಊರಿನ ವೈದ್ಯ ವಿಲಿಯಂ ಸ್ನೋ ಹ್ಯಾರಿಸ್ 1820ರಿಂದಲೇ ಬೇರೆ ಉಪಾಯ ಹೇಳತೊಡಗಿದ. ಕಂಬದ ತುದಿಯಿಂದ ಹಡಗಿನ ತಳದವರೆಗೆ ತಾಮ್ರದ ಪಟ್ಟಿಯನ್ನು ಕಾಯಂ ಆಗಿ ಜಡಿದುಬಿಡಿ ಎಂಬುದು ಅವನ ಮಾತು. ಡಾರ್ವಿನ್ 1831ರಲ್ಲಿ ಹೊರಟ 'ಬೀಗಲ್' ಹಡಗಿಗೂ ಅಂಥ ಪಟ್ಟಿ ಹಾಕಿದ್ದರು. ದಾರಿಯಲ್ಲಿ ಸಿಡಿಲು ಬಡಿದರೂ ಹಡಗು 1836ರಲ್ಲಿ ಸುರಕ್ಷಿತವಾಗಿ ಮರಳಿತು. ಆದರೂ ಇಡೀ ನೌಕಾಪಡೆ ಆ ಪಟ್ಟಿಯನ್ನು ಒಪ್ಪಿದ್ದು 1840ರ ದಶಕದಲ್ಲಿ. ಹ್ಯಾರಿಸನಿಗೆ 1847ರಲ್ಲಿ 'ಸರ್' ಪದವಿ ಬಂತು. ಅಷ್ಟು ವರ್ಷ ಕಂಬದ ಕೆಳಗೆ ನಿಂತವರು ಬಡ ನಾವಿಕರು. ತೀರ್ಮಾನ ಮಾಡುವವರು ದಡದ ಮೇಲೆ ಕುಳಿತಿದ್ದರು.

ಹಾಯಿದೋಣಿಗೆ ಇಂದಿಗೂ ಇದೇ ಏರ್ಪಾಡು. ಕಂಬದಿಂದ ದಪ್ಪ ತಾಮ್ರದ ತಂತಿ ಇಳಿದು, ನೀರಿನಲ್ಲಿ ಮುಳುಗಿದ ಲೋಹದ ಫಲಕವನ್ನು ಸೇರುತ್ತದೆ. ಸಮುದ್ರದ ಉಪ್ಪುನೀರು ವಿದ್ಯುತ್ತನ್ನು ಬೇಗ ಹೀರಿಕೊಳ್ಳುತ್ತದೆ. ನದಿ, ಕೆರೆಗಳ ಸಿಹಿನೀರಿಗೆ ಆ ಶಕ್ತಿ ಬಹಳ ಕಡಿಮೆ. ಹಾಗಾಗಿ ಸಮುದ್ರದಲ್ಲಿ ಸಾಕಾಗುವ ಫಲಕ ಆಲಮಟ್ಟಿಯ ಹಿನ್ನೀರಿನಲ್ಲಿ ಸಾಲದು. ನಮ್ಮ ಮನೆಯ ಅರ್ಥಿಂಗ್ ಗುಂಡಿಗೆ ಉಪ್ಪು, ಇದ್ದಿಲು ತುಂಬಿ ಬೇಸಿಗೆಯಲ್ಲಿ ನೀರು ಹಾಕುವುದರ ಹಿಂದೆಯೂ ಇದೇ ಮರ್ಮ ಅಡಗಿದೆ. ಅದು ಶಾಕ್ ಹೊಡೆಯದಂತೆ ಕಾಯುವ ಅರ್ಥಿಂಗ್; ಸಿಡಿಲಿಗೆ ಮಾಳಿಗೆಯ ಮೇಲೆ ಬೇರೆ ಸರಳು ಬೇಕು. ಆ ಸರಳಿನ ತಂತಿ ನಡುವೆ ಎಲ್ಲಿಯಾದರೂ ತುಂಡಾಗಿದ್ದರೆ ಸರಳಿದ್ದೂ ಪ್ರಯೋಜನವಿಲ್ಲ.

ಪಟ್ಟಣದ ಪಕ್ಕಾ ಮನೆಯೊಳಗೆ ಕೂತ ನಮಗೆ ಭಯ ಕಡಿಮೆ. ಹೊಲದಲ್ಲಿ ಕಸ ತೆಗೆಯುವ, ಹತ್ತಿ ಬಿಡಿಸುವ ನಮ್ಮ ಅಕ್ಕ-ತಂಗಿಯರು ಮಾತ್ರ ಇಂದಿಗೂ ಹಾಯಿಕಂಬದ ಹಾಗೆ ಬಯಲಲ್ಲಿ ನಿಂತಿದ್ದಾರೆ. ಮಳೆ ಬಂದಾಗ ಅವರು ಓಡುವುದು ಮರದ ಕೆಳಗೆ. ಮರಕ್ಕೆ ಬಡಿದ ಸಿಡಿಲು ಪಕ್ಕದವರ ಮೈಮೇಲೂ ಹಾರುತ್ತದೆ, ನೆಲದಲ್ಲಿಯೂ ಹರಡುತ್ತದೆ. ಕಾಲುಗಳ ನಡುವಿನ ಅಂತರ ಹೆಚ್ಚಾಗಿರುವ ದನಗಳು ಮರದಡಿ ಒಟ್ಟಿಗೇ ಸಾಯುವುದಕ್ಕೂ ಇದೇ ಕಾರಣ. ಗುಡುಗು ಕೇಳಿದ ಕೂಡಲೇ ಪಕ್ಕಾ ಕಟ್ಟಡ ಸೇರಬೇಕು, ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಬರಬಾರದು.

ಆದರೆ ಸೇರಲು ಹತ್ತಿರದಲ್ಲೊಂದು ಕಟ್ಟಡ ಬೇಕಲ್ಲ? ಹೊಲದ ಹಾದಿಯಲ್ಲಿರುವ ಶಾಲೆ, ಗುಡಿ, ಬಸ್ ನಿಲ್ದಾಣಗಳಿಗೆ ಸಿಡಿಲಿನ ಸರಳು ಹಾಕಿಸಿ, ವರ್ಷಕ್ಕೊಮ್ಮೆ ಅದರ ತಂತಿ ನೋಡಿಸುವುದು ಭಾರಿ ಖರ್ಚಿನ ಕೆಲಸವೇನಲ್ಲ. ಗ್ರಾಮಸಭೆಗೆ ಹೋದಾಗ ನಾವು ಹೆಣ್ಣುಮಕ್ಕಳು ಇದನ್ನೊಂದು ಬೇಡಿಕೆಯಾಗಿ ಬರೆಸೋಣ. ನಾವಿಕರು ಕಾದಷ್ಟು ವರ್ಷ ನಮ್ಮವರು ಕಾಯಬಾರದು.