ಖಾನಾಪುರ ರಸ್ತೆಯ 26 ಕಿಲೋಮೀಟರ್

ಖಾನಾಪುರದಿಂದ ಬೆಳಗಾವಿಗೆ ಸುಮಾರು 26 ಕಿಲೋಮೀಟರ್. ಒಂದು ರಾತ್ರಿ ಅಜ್ಜನ ಗಂಟಲು ಊದಿಕೊಂಡಿತು. ಬೆಳಗಾವಿ ಮುಟ್ಟುವ ಮೊದಲೇ ಉಸಿರು ನಿಂತಿತು. ಊಟದಲ್ಲಿ ಹಲ್ಲಿ ಬಿದ್ದಿರಬೇಕು ಎಂದರು ಊರವರು. ಮುಂದೆ ಅಪ್ಪನ ತುಟಿ ಊದಿದಾಗ ಅಲರ್ಜಿ ಎಂದರು. ಅಕ್ಕನಿಗೆ ಹೊಟ್ಟೆನೋವು ಬಂದಾಗ ಅಪೆಂಡಿಕ್ಸ್ ಎಂದರು. ಮೂರಕ್ಕೂ ಒಂದೇ ಹೆಸರಿದೆ ಎಂದು ಗೊತ್ತಾದದ್ದು ಅಕ್ಕನ ರಕ್ತ ಪರೀಕ್ಷೆಯಿಂದ: ಆನುವಂಶಿಕ ಆಂಜಿಯೋಎಡಿಮಾ.

ನಮಗೆ ಹೊಸದಾದ ಈ ಬೇನೆ ವೈದ್ಯಶಾಸ್ತ್ರಕ್ಕೆ ಹಳೆಯದು. ಇಂಥ ಊತವನ್ನು 1882ರಲ್ಲಿ ಜರ್ಮನಿಯ ಹೈನ್ರಿಕ್ ಕ್ವಿಂಕೆ ವಿವರಿಸಿದರು. 1888ರಲ್ಲಿ ವಿಲಿಯಂ ಆಸ್ಲರ್, ಅದು ಒಂದೇ ಕುಟುಂಬದ ಐದು ತಲೆಮಾರುಗಳಲ್ಲಿ ಇಳಿದು ಬಂದದ್ದನ್ನು ದಾಖಲಿಸಿದರು. ಕಾರಣ ತಿಳಿಯಲು 1963 ಬರಬೇಕಾಯಿತು. ವರ್ಜೀನಿಯಾ ಡೊನಾಲ್ಡ್‌ಸನ್ ಮತ್ತು ರಿಚರ್ಡ್ ಇವಾನ್ಸ್ ರೋಗಿಗಳ ರಕ್ತದಲ್ಲಿ ಸಿ1 ಇನ್ಹಿಬಿಟರ್ ಎಂಬ ಪ್ರೋಟೀನಿನ ದೋಷ ಕಂಡರು. ಈ ಕಡಿವಾಣ ಸಡಿಲವಾದರೆ ಬ್ರಾಡಿಕೈನಿನ್ ಹೆಚ್ಚುತ್ತದೆ, ರಕ್ತನಾಳಗಳಿಂದ ದ್ರವ ಸೋರಿ ಮೈ ಊದುತ್ತದೆ. ಅಲರ್ಜಿಯ ಹಿಸ್ಟಮಿನ್ ಇಲ್ಲಿಲ್ಲ. ಅಪ್ಪನಿಗೆ ಕೊಟ್ಟ ಅಲರ್ಜಿ ಮಾತ್ರೆ, ಸ್ಟೀರಾಯ್ಡ್ ಸೂಜಿ ಯಾವುದೂ ನಾಟದಿದ್ದದ್ದು ಅದಕ್ಕೇ.

ಚಿಕಿತ್ಸೆಯ ಚರಿತ್ರೆಗೆ ಎರಡು ದಾರಿ: ಊತ ಬಾರದಂತೆ ತಡೆಯುವುದು, ಬಂದಾಗ ಇಳಿಸುವುದು. ತಡೆಯುವ ದಾರಿಯಲ್ಲಿ 1976ರ ಡೆನಜಾಲ್ ಪ್ರಯೋಗ ದೊಡ್ಡ ತಿರುವು. ಔಷಧವಿಲ್ಲದ ಹುಸಿ ಮಾತ್ರೆಯ 47 ಸರದಿಗಳಲ್ಲಿ 44 ಊತದಲ್ಲಿ ಮುಗಿದವು. ಡೆನಜಾಲ್‌ನ 46 ಸರದಿಗಳಲ್ಲಿ ಒಂದೇ ಒಂದು. ಅಪ್ಪನಿಗೆ ಇಂದಿಗೂ ಅದೇ ಆಸರೆ. ಆದರೆ ಅದರ ಗುಣ ಗಂಡು ಹಾರ್ಮೋನಿನದು.

“ಅಪ್ಪಾ, ನಿನಗೇನೋ ಅದು ಛಲೋ. ನನ್ನ ದನಿ ಒಡದರ, ಮೀಸಿ ಬಂದರ ಏನ್ ಮಾಡ್ಲಿ?” ಎಂದಳು ಅಕ್ಕ. ಬಸಿರಿನಲ್ಲಂತೂ ಅದನ್ನು ನುಂಗುವಂತೆಯೇ ಇಲ್ಲ. ಅವಳ ಪಾಲಿಗೆ ಬಂದದ್ದು ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆ; ಅದರ ಬಲ ಕಡಿಮೆ.

ಇಳಿಸುವ ದಾರಿಯಲ್ಲಿ, 2008ರಲ್ಲಿ ಯುರೋಪಿನಲ್ಲಿ ಒಪ್ಪಿಗೆ ಪಡೆದ ಐಕಟಿಬ್ಯಾಂಟ್ ಇದೆ. ಕಲಿಸಿಕೊಟ್ಟರೆ ರೋಗಿಯೇ ಮನೆಯಲ್ಲಿ ಚರ್ಮದಡಿ ಚುಚ್ಚಿಕೊಳ್ಳಬಹುದು. 2018ರಲ್ಲಿ ಅಮೆರಿಕದಲ್ಲಿ, ಎರಡು ವಾರಕ್ಕೊಮ್ಮೆ ಚುಚ್ಚಿ ಊತ ತಡೆಯುವ ಲನಡೆಲುಮ್ಯಾಬ್ ಬಂತು. ಎರಡೂ ದುಬಾರಿ. ಅಕ್ಕನ ಗಂಟಲು ಊದಿದ ದಿನ ನಮಗೆ ಸಿಕ್ಕದ್ದು ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ಮಂಜುಗಟ್ಟಿಸಿಟ್ಟಿದ್ದ ಪ್ಲಾಸ್ಮಾ. ಅದರಲ್ಲಿ ಆ ಪ್ರೋಟೀನ್ ಇರುತ್ತದೆ. ಆದರೆ ಕರಗಿಸಿ ಏರಿಸುವವರೆಗೆ ಗಂಟಲು ತಡೆಯಬೇಕು. ನಮ್ಮದು ಖಾನಾಪುರ ಪೇಟೆ, ಹೆದ್ದಾರಿ ಇದೆ. ಭೀಮಗಡ ಕಾಡಿನ ಆಮಗಾಂವದಂಥ ಊರುಗಳಿಂದ ಮಳೆಗಾಲದಲ್ಲಿ ರೋಗಿಯನ್ನು ಜನ ಹೆಗಲ ಮೇಲೆ ಹೊತ್ತು ತರಬೇಕಾಗುತ್ತದೆ.

ಬೆಳಗಾವಿ ಹೊಕ್ಕಾಗಲೆಲ್ಲ ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಕಣ್ಣಿಗೆ ಬೀಳುತ್ತದೆ. ಒಂದು ಕಾಲಕ್ಕೆ ಅಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. ಲಸಿಕೆ ರೋಗಿಯ ದಾರಿ ಕಾಯಲಿಲ್ಲ. ದೇವಿ ಹಾಕುವವರ ಕೈಯಲ್ಲಿ ತಾನೇ ಹಳ್ಳಿಗೆ ಹೋಯಿತು.

ಅಕ್ಕನ ಮಗನಿಗೀಗ ಏಳು ವರ್ಷ. ಬೇನೆ ಅವನಿಗೆ ಇಳಿದಿರುವ ಸಾಧ್ಯತೆ ಅರ್ಧಕ್ಕರ್ಧ. ಮುಂದಿನ ವಾರ ಅವನ ರಕ್ತ ಪರೀಕ್ಷೆ. ಅವನಿಗೆ ಬೇಕಾದ ಸೂಜಿ ನಮ್ಮ ಮನೆಯ ಕಪಾಟಿನಲ್ಲೇ ಇರುವ ದಿನ ಬಂದರೆ, ಆ 26 ಕಿಲೋಮೀಟರ್ ಬರೀ ರಸ್ತೆಯಾಗುತ್ತದೆ.